ಹಡಗು ಬಂದರಿಗೆ ಬಂದರೂ ನಾವಿಕ ನೆಲಕ್ಕಿಳಿಯುವಂತಿಲ್ಲವೇ? ಭದ್ರತಾ ಸಂಹಿತೆ ಹೇಳುವುದೇನು?

ತೊಗರಿ ಕಣಜ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮದು ಇಲ್ಲಿನ ನೆಹರು ಗಂಜ್‌ನಲ್ಲಿ ಅಡತ್ ಅಂಗಡಿ. ಮನೆತನದಲ್ಲಿ ಸಮುದ್ರ ನೋಡಿದವರೇ ಕಡಿಮೆ. ಅಂಥದ್ದರಲ್ಲಿ ನನ್ನ ತಮ್ಮನ ಮಗ ಹಡಗಿನ ಕೆಲಸಕ್ಕೆ ಸೇರಿ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಈಗ ಸರಕು ಹಡಗೊಂದರಲ್ಲಿ ಥರ್ಡ್ ಆಫೀಸರ್ ಆಗಿದ್ದಾನೆ. ಹಡಗು ಹತ್ತಿ ಐದು ತಿಂಗಳಾಯಿತು. ಈ ಅವಧಿಯಲ್ಲಿ ಅವನ ಹಡಗು ಆರು ಬಂದರುಗಳನ್ನು ಮುಟ್ಟಿದೆ. ಅವನ ಕಾಲು ನೆಲ ಮುಟ್ಟಿದ್ದು ಒಂದೇ ಸಲ, ಅದೂ ಹಲ್ಲುನೋವು ತಡೆಯಲಾಗದೆ ಆಸ್ಪತ್ರೆಗೆ ಕರೆದೊಯ್ದಾಗ. ಉಳಿದ ಐದು ಕಡೆಗಳಲ್ಲಿಯೂ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರು ಕೊಟ್ಟ ಉತ್ತರ ಒಂದೇ ಅಂತೆ: ಐಎಸ್‌ಪಿಎಸ್ (ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ) ನಿಯಮವಿದೆ, ಸಿಬ್ಬಂದಿಯನ್ನು ಹೊರಗೆ ಬಿಡುವುದಿಲ್ಲ.

ಕಳೆದ ಭಾನುವಾರ ಅವನು ವಿಡಿಯೊ ಕರೆ ಮಾಡಿ, ಡೆಕ್‌ನ ಅಂಚಿನ ಕಂಬಿಯ ಹತ್ತಿರ ನಿಂತು ಫೋನನ್ನು ಹೊರಗಡೆ ತಿರುಗಿಸಿ ತೋರಿಸಿದ. ಕೆಳಗೆ ಹಡಗು ನಿಲ್ಲುವ ಧಕ್ಕೆ, ಅದರಾಚೆ ಬೇಲಿ, ಬೇಲಿಯಾಚೆ ರಸ್ತೆ, ರಸ್ತೆಯ ಬದಿಗೆ ಒಂದು ಹಣ್ಣಿನ ಅಂಗಡಿ. "ದೊಡ್ಡಪ್ಪ, ಆ ಅಂಗಡಿ ತನಕ ಹೋಗಿ ಬರಲಿಕ್ಕೂ ಬಿಡವಲ್ರು" ಎಂದ. ಅವನ ತಾಯಿ ಪಕ್ಕದಲ್ಲಿಯೇ ಇದ್ದರು. ಆಮೇಲೆ ಊಟ ಮಾಡಲಿಲ್ಲ.

ಭಯೋತ್ಪಾದಕರಿಂದ ಹಡಗನ್ನೂ ಬಂದರನ್ನೂ ಕಾಯಲು ಕಾನೂನು ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಾನೂನು ಹಡಗಿನಲ್ಲಿ ದುಡಿಯುವ ಹುಡುಗನನ್ನೇ ಒಳಗೆ ಕೂಡಿಹಾಕಲು ಹೇಳುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಭೀಮಾ ತೀರ, ಯಾದಗಿರಿ

ಯಜಮಾನರೆ, ನಾನು ಸಿಐಎಸ್‌ಎಫ್‌ನಲ್ಲಿದ್ದಾಗ ನಾಲ್ಕು ವರ್ಷ ಒಂದು ದೊಡ್ಡ ಬಂದರಿನ ಗೇಟಿನಲ್ಲಿ ಪಹರೆ ಮಾಡಿದವನು. ಗೇಟಿನ ಕಡೆಯ ಮಾತನ್ನು ಹೇಳುತ್ತೇನೆ. ನಮ್ಮ ಕೈಗೆ ಬರುತ್ತಿದ್ದದ್ದು ಒಂದು ಪಟ್ಟಿ: ಯಾವ ಹಡಗು, ಯಾವ ಸಿಬ್ಬಂದಿ, ಯಾರಿಗೆ ಪಾಸು ಮಂಜೂರಾಗಿದೆ. ಪಟ್ಟಿಯಲ್ಲಿ ಹೆಸರಿದ್ದರೆ ಗುರುತಿನ ಚೀಟಿ ನೋಡಿ, ಚೀಲ ತಪಾಸಣೆ ಮಾಡಿ ಬಿಡುತ್ತಿದ್ದೆವು. ಹೆಸರಿಲ್ಲದಿದ್ದರೆ ಎಷ್ಟು ಕೇಳಿಕೊಂಡರೂ ಬಿಡುತ್ತಿರಲಿಲ್ಲ. ಹೆಸರು ಏಕೆ ಬರಲಿಲ್ಲ ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಏಜೆಂಟರು ಅರ್ಜಿಯನ್ನೇ ಹಾಕಿರುತ್ತಿರಲಿಲ್ಲ. ಇನ್ನೆಷ್ಟೋ ಸಲ ಧಕ್ಕೆಯಿಂದ ಗೇಟಿನವರೆಗೆ ಕರೆತರುವ ವಾಹನವಿರುತ್ತಿರಲಿಲ್ಲ. ಕ್ರೇನುಗಳೂ ಟ್ರೇಲರುಗಳೂ ಓಡಾಡುವ ಜಾಗದಲ್ಲಿ ನಡೆದು ಬರಲು ಅನುಮತಿಯಿಲ್ಲ. ಹೊರಗಿನವರಿಗೆ ಇವೆಲ್ಲವೂ ಒಟ್ಟಾಗಿ "ಐಎಸ್‌ಪಿಎಸ್" ಎಂಬ ಒಂದೇ ಹೆಸರಿನಲ್ಲಿ ಕೇಳಿಸುತ್ತವೆ.

ಬೀದರ ಕಟ್ಟೆ

ತೊಗರಿ ಕಣಜ ಅವರೆ, ನಾನು ಬೀದರಿನವನು. ವ್ಯಾಪಾರಿ ಹಡಗುಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಕೊನೆಯ ಹನ್ನೆರಡು ವರ್ಷ ಕ್ಯಾಪ್ಟನ್ ಆಗಿದ್ದು ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಸಂಹಿತೆ ಹಾಗೆ ಹೇಳುವುದಿಲ್ಲ. ಅದರ ಪೀಠಿಕೆಯಲ್ಲಿಯೇ, ಹಡಗಿನ ಸಿಬ್ಬಂದಿ ಹಡಗಿನಲ್ಲಿಯೇ ವಾಸಿಸಿ ಹಡಗಿನಲ್ಲಿಯೇ ದುಡಿಯುವವರಾದ್ದರಿಂದ ಅವರಿಗೆ ದಡಕ್ಕಿಳಿಯುವ ರಜೆ ಬೇಕು, ವೈದ್ಯಕೀಯ ನೆರವೂ ಸೇರಿದಂತೆ ದಡದಲ್ಲಿರುವ ಸೌಲಭ್ಯಗಳು ಸಿಗಬೇಕು, ಭದ್ರತಾ ಯೋಜನೆಗಳಿಗೆ ಒಪ್ಪಿಗೆ ಕೊಡುವಾಗ ಸರ್ಕಾರಗಳು ಇದನ್ನು ಗಮನದಲ್ಲಿಡಬೇಕು ಎಂದಿದೆ. ಬಂದರಿನ ಭದ್ರತಾ ಯೋಜನೆಯಲ್ಲಿ ಏನೇನು ಇರಲೇಬೇಕು ಎಂದು ಹೇಳುವ ಕಡ್ಡಾಯ ಭಾಗದಲ್ಲಿ, ಸಿಬ್ಬಂದಿ ದಡಕ್ಕಿಳಿಯಲು ಅನುಕೂಲ ಮಾಡಿಕೊಡುವ ಕ್ರಮವೂ ನಾವಿಕರ ಕಲ್ಯಾಣ ಸಂಸ್ಥೆಯವರು ಹಡಗಿಗೆ ಬಂದು ಹೋಗುವ ಕ್ರಮವೂ ಸೇರಿವೆ. ಅಂದರೆ ಈ ಕ್ರಮವನ್ನು ಬರೆದಿಡದ ಬಂದರು ಸಂಹಿತೆಯನ್ನು ಪೂರ್ತಿಯಾಗಿ ಪಾಲಿಸಿದಂತೆ ಆಗುವುದಿಲ್ಲ.

ಸಂಹಿತೆ ಹುಟ್ಟಿದ ಬಗೆಯನ್ನು ಹೇಳುತ್ತೇನೆ, ಆಗ ಗೇಟಿನ ಬಿಗಿಯೂ ಅರ್ಥವಾಗುತ್ತದೆ. 1985ರ ಅಕ್ಟೋಬರಿನಲ್ಲಿ ಅಕಿಲೆ ಲಾರೊ ಎಂಬ ಇಟಲಿಯ ಪ್ರಯಾಣಿಕರ ಹಡಗನ್ನು ಬಂದೂಕುಧಾರಿಗಳು ವಶಪಡಿಸಿಕೊಂಡು, ಗಾಲಿಕುರ್ಚಿಯಲ್ಲಿದ್ದ ಅಮೆರಿಕದ ಪ್ರಯಾಣಿಕರೊಬ್ಬರನ್ನು ಕೊಂದರು. 2000ರ ಅಕ್ಟೋಬರಿನಲ್ಲಿ ಏಡನ್ ಬಂದರಿನಲ್ಲಿ ಸ್ಫೋಟಕ ತುಂಬಿದ ಸಣ್ಣ ದೋಣಿಯೊಂದು ಅಮೆರಿಕದ ಯುದ್ಧನೌಕೆ ಕೋಲ್‌ನ ಪಕ್ಕಕ್ಕೆ ಬಂದು ಸಿಡಿಯಿತು. ಮರುವರ್ಷ ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದವು. ವಿಮಾನವನ್ನು ಆಯುಧ ಮಾಡಿಕೊಂಡವರು ನಾಳೆ ತೈಲ ತುಂಬಿದ ಹಡಗನ್ನೇ ಆಯುಧ ಮಾಡಿಕೊಂಡರೆ ಗತಿಯೇನು ಎಂಬ ಭಯ ಲಂಡನ್ನಿನ ಅಂತರರಾಷ್ಟ್ರೀಯ ಸಾಗರ ಸಂಘಟನೆಯನ್ನು ಹಿಡಿಯಿತು. ಮಾತುಕತೆ ನಡೆಯುತ್ತಿದ್ದಾಗಲೇ, 2002ರ ಅಕ್ಟೋಬರಿನಲ್ಲಿ, ಯೆಮನ್ ಕರಾವಳಿಯಲ್ಲಿ ಲಿಂಬರ್ಗ್ ಎಂಬ ತೈಲ ಹಡಗಿನ ಮೇಲೂ ದೋಣಿ ದಾಳಿಯಾಯಿತು. ಆ ವರ್ಷದ ಡಿಸೆಂಬರ್ 12ರಂದು ಸಂಹಿತೆಯನ್ನು ಅಂಗೀಕರಿಸಿದರು. ಸೋಲಾಸ್ ಎಂದು ಕರೆಯುವ 1974ರ ಸಾಗರ ಜೀವರಕ್ಷಣಾ ಒಡಂಬಡಿಕೆಗೆ ಹೊಸ ಅಧ್ಯಾಯ ಸೇರಿಸಿ, 2004ರ ಜುಲೈ 1ರಿಂದ ಜಾರಿಗೆ ತಂದರು. ಇಡೀ ಜಗತ್ತಿನ ಹಡಗುಗಳಿಗೂ ಬಂದರುಗಳಿಗೂ ಸಿಕ್ಕಿದ್ದು ಹತ್ತೊಂಬತ್ತು ತಿಂಗಳಿಗಿಂತ ಕಡಿಮೆ ಸಮಯ.

ಆ ಜೂನ್ ತಿಂಗಳು ನನಗೆ ಇನ್ನೂ ನೆನಪಿದೆ. ಆಗ ನಾನು ಚೀಫ್ ಆಫೀಸರ್. ಹಡಗಿನ ಭದ್ರತಾಧಿಕಾರಿಯ ಹೊಣೆಯನ್ನೂ ನನ್ನ ತಲೆಯ ಮೇಲೆ ಹಾಕಿದ್ದರು. ಅದಕ್ಕೆ ಮೊದಲು ಹಡಗು ಧಕ್ಕೆಗೆ ತಾಗಿ ಏಣಿ ಇಳಿಸಿದರೆ ಸಾಕು, ಸಿಮ್ ಕಾರ್ಡ್ ಮಾರುವವರು, ಬಟ್ಟೆ ಒಗೆಯುವವರು, ಹಳೆಯ ಹಗ್ಗ ಕೊಳ್ಳುವವರು ಮೇಲೆ ಬಂದು ಅಡುಗೆಮನೆಯ ಬಾಗಿಲವರೆಗೂ ಓಡಾಡುತ್ತಿದ್ದರು. ಜುಲೈ 1ರ ಬೆಳಿಗ್ಗೆಯಿಂದ ಏಣಿಯ ತಲೆಯಲ್ಲಿ ಒಂದು ಮೇಜು, ಒಂದು ದಾಖಲೆ ಪುಸ್ತಕ, ಕೊರಳಿಗೆ ಹಾಕುವ ಪಾಸುಗಳ ಒಂದು ಡಬ್ಬಿ. ಒಂದು ರಾತ್ರಿ ಜೋರು ಮಳೆಯಲ್ಲಿ ಸರ್ವೇಯರ್ ಒಬ್ಬರು ಗುರುತಿನ ಚೀಟಿಯನ್ನು ಕಾರಿನಲ್ಲಿ ಬಿಟ್ಟು ಬಂದರು. ಕಾವಲಿಗಿದ್ದ ನಮ್ಮ ಹುಡುಗ ಬಿಡಲಿಲ್ಲ. ಅವರು ಕೂಗಾಡಿದರು, ಪುಸ್ತಕದ ಹಾಳೆ ತೊಯ್ದು ಮಸಿ ಹರಡಿತು, ಹುಡುಗನ ಕೈ ನಡುಗುತ್ತಿತ್ತು, ಆದರೂ ಅವನು ದಾರಿ ಬಿಡಲಿಲ್ಲ. ಚೀಟಿ ಬರುವವರೆಗೆ ಇಪ್ಪತ್ತು ನಿಮಿಷ ಅವರಿಗೆ ಛತ್ರಿ ಹಿಡಿದು ನಿಂತ. ಭದ್ರತೆ ಎಂದರೆ ಹೀಗಿರಬೇಕು ಎಂದು ನಾನು ಇಂದಿಗೂ ನಂಬಿದ್ದೇನೆ: ಕಟ್ಟುನಿಟ್ಟೂ ಇರಬೇಕು, ಎದುರಿಗಿರುವವನು ಮನುಷ್ಯ ಎಂಬ ನೆನಪೂ ಇರಬೇಕು.

ಸಂಹಿತೆಯ ಒಡಲು ಇಷ್ಟು. ಅಂತರರಾಷ್ಟ್ರೀಯ ಯಾನದಲ್ಲಿರುವ ಎಲ್ಲ ಪ್ರಯಾಣಿಕರ ಹಡಗುಗಳಿಗೆ, 500 ಟನ್ನೇಜಿನ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳಿಗೆ, ಸಂಚಾರಿ ತೈಲ ಕೊರೆತದ ಘಟಕಗಳಿಗೆ ಮತ್ತು ಇವು ಬಂದು ನಿಲ್ಲುವ ಬಂದರುಗಳಿಗೆ ಅದು ಅನ್ವಯಿಸುತ್ತದೆ. ಮೊದಲು ಅಪಾಯ ಎಲ್ಲೆಲ್ಲಿಂದ ಬರಬಹುದೆಂದು ಅಳೆದು ನೋಡಬೇಕು. ಆ ಅಳತೆಯ ಮೇಲೆ ಯೋಜನೆ ಬರೆಯಬೇಕು. ಯೋಜನೆ ನಡೆಸಲು ಹಡಗಿನಲ್ಲಿ ಒಬ್ಬ, ಕಂಪನಿಯಲ್ಲಿ ಒಬ್ಬ, ಬಂದರಿನಲ್ಲಿ ಒಬ್ಬ ಭದ್ರತಾಧಿಕಾರಿ ಇರಬೇಕು. ಇದೆಲ್ಲ ಸರಿಯಿದ್ದರೆ ಹಡಗಿಗೆ ಗರಿಷ್ಠ ಐದು ವರ್ಷದ ಭದ್ರತಾ ಪ್ರಮಾಣಪತ್ರ ಸಿಗುತ್ತದೆ, ನಡುವೆ ಒಮ್ಮೆ ಮರುಪರಿಶೀಲನೆಯಾಗುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಅಭ್ಯಾಸ ನಡೆಸಬೇಕು.

ಭದ್ರತೆಯ ಮಟ್ಟಗಳು ಮೂರು. ಒಂದನೆಯದು ದಿನನಿತ್ಯದ್ದು. ಅಪಾಯದ ಸಾಧ್ಯತೆ ಹೆಚ್ಚಿದಾಗ ಎರಡನೆಯದು. ಅನಾಹುತ ಇನ್ನೇನು ಆಗಲಿದೆ ಎನ್ನುವಾಗ ಮೂರನೆಯದು. ಇದನ್ನು ತೀರ್ಮಾನಿಸುವುದು ಸರ್ಕಾರವೇ ಹೊರತು ಏಜೆಂಟರೂ ಅಲ್ಲ, ಟರ್ಮಿನಲ್ಲಿನ ಮ್ಯಾನೇಜರೂ ಅಲ್ಲ. ಮೂರನೆಯ ಮಟ್ಟದಲ್ಲಿ ಸಿಬ್ಬಂದಿಯನ್ನು ತಡೆದರೆ ನಾನು ತಕರಾರು ಮಾಡುವುದಿಲ್ಲ. ನಿಮ್ಮ ಹುಡುಗ ಹೋದ ಬಂದರುಗಳಲ್ಲಿ ಮಟ್ಟ ಎಷ್ಟಿತ್ತು ಎಂದು ಕೇಳಿ ನೋಡಿ. ಒಂದನೆಯದೇ ಇದ್ದಿದ್ದರೆ, ಐದಕ್ಕೆ ಐದೂ ಕಡೆ ಭದ್ರತೆಯ ಕಾರಣ ಕೊಟ್ಟದ್ದು ನನಗೆ ಸರಿಯೆನಿಸುವುದಿಲ್ಲ.

ಕಪನೂರು ಮಿಲ್, ಕಲಬುರಗಿ

ಕ್ಯಾಪ್ಟನ್ ಸಾಹೇಬರೆ, ನಮ್ಮದು ದಾಲ್ ಮಿಲ್. ನಮ್ಮ ಭಾಗದ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದ್ದರೂ, ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್ ಕಡೆಯ ತೊಗರಿ ಬಂದರಿಗೆ ಎಂದು ಮುಟ್ಟುತ್ತದೆ ಎನ್ನುವುದರ ಮೇಲೆ ಗಂಜ್‌ನ ದರ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ನಾವೂ ಹಡಗಿನ ಸುದ್ದಿಯನ್ನು ಕಾದು ಓದುವವರೇ. ಎರಡು ಸಂಶಯಗಳಿವೆ. ಕೊಚ್ಚಿಯ ಆಚೆ 2025ರ ಮೇ ತಿಂಗಳಲ್ಲಿ ಕಂಟೇನರ್ ಹಡಗು ಮುಳುಗಿದ್ದು ಈ ಸಂಹಿತೆಯ ಕೆಳಗೆ ಬರುತ್ತದೆಯೇ? ಹಾಗೆಯೇ, ಬಂದರಿನ ಕಂಪ್ಯೂಟರ್ ನಿಂತರೆ ಮಾಲು ಹೊರಬರುವುದಿಲ್ಲ. ಅದನ್ನು ಕಾಯುವ ನಿಯಮ ಯಾವುದು?

ಬೀದರ ಕಟ್ಟೆ

ಮಿಲ್ ಮಾಲೀಕರೆ, ಕನ್ನಡದಲ್ಲಿ ನಾವು ಸುರಕ್ಷತೆ, ಭದ್ರತೆ ಎಂಬ ಎರಡು ಪದಗಳನ್ನು ಒಂದೇ ಅರ್ಥಕ್ಕೆ ಬಳಸಿಬಿಡುತ್ತೇವೆ; ಹಡಗಿನವರು ಹಾಗೆ ಮಾಡಬಾರದು. ಬಿರುಗಾಳಿ, ಬೆಂಕಿ, ತೂತು, ತೂಕದ ತಪ್ಪು, ಇವುಗಳಿಂದ ಕಾಯುವುದು ಸುರಕ್ಷತೆ. ಕೇಡು ಬಗೆಯುವ ಮನುಷ್ಯನಿಂದ ಕಾಯುವುದು ಭದ್ರತೆ. ಕೊಚ್ಚಿಯ ಹಡಗಿನದು ಮೊದಲನೆಯ ಬಗೆಯ ಪ್ರಕರಣ, ಅದಕ್ಕೆ ಬೇರೆ ಸಂಹಿತೆಗಳಿವೆ. ನಿಮ್ಮ ಕಂಟೇನರಿನ ಬಾಗಿಲಿಗೆ ಹಾಕುವ ಬೋಲ್ಟ್ ಸೀಲ್ ಮಾತ್ರ ಭದ್ರತೆಯ ವಸ್ತು. ಅದರ ನಂಬರನ್ನು ಕಾಗದದ ನಂಬರಿನ ಜೊತೆ ತಾಳೆ ನೋಡದೆ ಮಾಲು ಬಿಡಿಸಿಕೊಳ್ಳಬೇಡಿ.

ಕಂಪ್ಯೂಟರಿನ ಮಾತು ಬಹಳ ದೊಡ್ಡದು. 2017ರ ಜೂನ್ ಕೊನೆಯಲ್ಲಿ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ದಾಳಿ ಆಗ ಜಗತ್ತಿನ ಅತಿ ದೊಡ್ಡ ಕಂಟೇನರ್ ಕಂಪನಿಯಾಗಿದ್ದ ಮೆರ್ಸ್ಕ್‌ನ ವ್ಯವಸ್ಥೆಯನ್ನು ಕೆಡವಿದಾಗ, ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ ಕೂಡ ಸ್ಥಗಿತಗೊಂಡು ಹೊರಗೆ ಲಾರಿಗಳು ಸಾಲುಗಟ್ಟಿದವು. ಅದೇ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸಾಗರ ಸಂಘಟನೆ, 2021ರಿಂದ ಹಡಗು ಕಂಪನಿಗಳು ತಮ್ಮ ನಿರ್ವಹಣಾ ವ್ಯವಸ್ಥೆಯಲ್ಲಿ ಸೈಬರ್ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಿರ್ಣಯಿಸಿತು. ಬೇಲಿ, ಗೇಟು, ಕ್ಯಾಮೆರಾ ಎಲ್ಲ ಇದ್ದೂ ಒಂದು ಸೋಂಕು ತಗುಲಿದ ಪೆನ್ ಡ್ರೈವ್ ಸಾಕು ಎನ್ನುವುದನ್ನು ನಮ್ಮ ಕಾಲದವರು ತಡವಾಗಿ ಕಲಿತೆವು.

ಕಡಗಂಚಿ ವಿದ್ಯಾರ್ಥಿ

ಸರ್, ನಾನು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಸಂಹಿತೆ 2004ರಲ್ಲಿಯೇ ಜಾರಿಗೆ ಬಂದಿತ್ತು ಎನ್ನುತ್ತೀರಿ. ಹಾಗಿದ್ದರೆ 2008ರ ನವೆಂಬರ್ 26ರಂದು ಹತ್ತು ಮಂದಿ ಸಮುದ್ರದ ಮೂಲಕ ಮುಂಬೈಗೆ ಹೇಗೆ ಬಂದರು?

ಭೀಮಾ ತೀರ, ಯಾದಗಿರಿ

ತಮ್ಮಾ, ಇದಕ್ಕೆ ನಾನೇ ಉತ್ತರ ಕೊಡುತ್ತೇನೆ, ಏಕೆಂದರೆ ಆ ರಾತ್ರಿಯ ನಂತರ ನಮ್ಮ ಕೆಲಸದ ರೀತಿಯೇ ಬದಲಾಯಿತು. ಅವರು ಯಾವ ಬಂದರಿನ ಗೇಟಿಗೂ ಬರಲಿಲ್ಲ. ಕುಬೇರ್ ಎಂಬ ಗುಜರಾತಿನ ಮೀನುಗಾರಿಕೆ ದೋಣಿಯನ್ನು ನಡುಸಮುದ್ರದಲ್ಲಿ ವಶಪಡಿಸಿಕೊಂಡು, ಅದರಲ್ಲಿದ್ದವರನ್ನು ಕೊಂದು, ಮುಂಬೈ ಹತ್ತಿರವಾದಾಗ ರಬ್ಬರ್ ದೋಣಿಗೆ ಇಳಿದು, ಮೀನುಗಾರರ ಕೇರಿಯ ದಡಕ್ಕೆ ಬಂದು ಹತ್ತಿದರು. ಸಂಹಿತೆ ಮೀನುಗಾರಿಕೆ ದೋಣಿಗೆ ಅನ್ವಯಿಸುವುದೇ ಇಲ್ಲ. ದೊಡ್ಡ ಬಂದರಿನ ಬಾಗಿಲಿಗೆ ನಾವು ನಾಲ್ಕು ಚಿಲಕ ಹಾಕಿ ಕೂತಿದ್ದಾಗ, ಬಾಗಿಲೇ ಇಲ್ಲದ ಕಡೆಯಿಂದ ಅವರು ಬಂದರು. 1993ರಲ್ಲಿಯೂ ಹೀಗೆಯೇ ಆಗಿತ್ತು. ಮುಂಬೈ ಸ್ಫೋಟಗಳಿಗೆ ಬಳಸಿದ ಆರ್‌ಡಿಎಕ್ಸ್ ರಾಯಗಡ ಜಿಲ್ಲೆಯ ಶೇಖಾಡಿಯ ಸಣ್ಣ ದಡದಲ್ಲಿ ಇಳಿದಿತ್ತು. ಹದಿನೈದು ವರ್ಷ ಸಮಯವಿದ್ದೂ ಆ ಪಾಠ ನಮಗೆ ತಲೆಗೆ ಹತ್ತಲಿಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

2008ರ ನಂತರ ಕರಾವಳಿ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ಒಪ್ಪಿಸಿದರು. ಪ್ರಾದೇಶಿಕ ಜಲದ ಕಾವಲಿಗೆ ಕರಾವಳಿ ರಕ್ಷಣಾ ಪಡೆ, ದಡದ ಹತ್ತಿರ ರಾಜ್ಯಗಳ ಕರಾವಳಿ ಪೊಲೀಸರು. ನಮ್ಮ ರಾಜ್ಯದಲ್ಲಿಯೂ ಮಲ್ಪೆಯನ್ನು ಕೇಂದ್ರ ಮಾಡಿಕೊಂಡು ಕರಾವಳಿ ಕಾವಲು ಪೊಲೀಸ್ ಪಡೆಯಿದೆ. ಮೀನುಗಾರರಿಗೆ ಬೆರಳಚ್ಚಿನ ಗುರುತಿನ ಚೀಟಿ ಕೊಟ್ಟರು, ದೋಣಿಗಳ ನೋಂದಣಿ ಬಿಗಿಯಾಯಿತು, ದೂರದಿಂದಲೇ ಯಾವ ರಾಜ್ಯದ ದೋಣಿಯೆಂದು ತಿಳಿಯಲು ಒಂದೊಂದು ರಾಜ್ಯಕ್ಕೆ ಒಂದೊಂದು ಬಣ್ಣ ಗೊತ್ತು ಮಾಡಿದರು, ತೀರದುದ್ದಕ್ಕೂ ರೇಡಾರ್ ಸರಪಳಿ ಕಟ್ಟಿದರು. 2019ರಿಂದ ಸೀ ವಿಜಿಲ್ ಎಂಬ ದೇಶವ್ಯಾಪಿ ಅಭ್ಯಾಸವೂ ನಡೆಯುತ್ತಿದೆ. ಆದರೆ ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಮೀನುಗಾರನ ಕಣ್ಣು. ತನ್ನ ನೀರಿನಲ್ಲಿ ಪರಕೀಯ ದೋಣಿ ಬಂದರೆ ಅವನಿಗೆ ಮೊದಲು ಗೊತ್ತಾಗುತ್ತದೆ. ಅವನು ಪೊಲೀಸರಿಗೆ ಫೋನು ಮಾಡಬೇಕಾದರೆ ಪೊಲೀಸರ ಮೇಲೆ ವಿಶ್ವಾಸವಿರಬೇಕು.

ಕಪ್ಪು ಕೋಟು, ಕಲಬುರಗಿ

ನಾನು ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವವನು. ಸಾಗರ ಕಾನೂನಿನ ಮೊಕದ್ದಮೆಗಳು ನಮ್ಮ ಕಡೆ ಬರುವುದಿಲ್ಲವಾದರೂ ಓದಿಕೊಂಡಿದ್ದೇನೆ. ತೊಗರಿ ಕಣಜ ಅವರ ಪ್ರಶ್ನೆಗೆ ಕಾನೂನಿನ ಆಧಾರವನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ನಾವಿಕನ ಹಕ್ಕು ಒಂದೇ ಕಾಯ್ದೆಯಲ್ಲಿಲ್ಲ. ಮೂರು ನಾಲ್ಕು ಒಡಂಬಡಿಕೆಗಳಲ್ಲಿ ಹಂಚಿಹೋಗಿದೆ.

ಮೊದಲನೆಯದು 1965ರ ಸಾಗರ ಸಂಚಾರ ಅನುಕೂಲತಾ ಒಡಂಬಡಿಕೆ; ಹಡಗಿನವರು ಇದನ್ನು ಫಾಲ್ ಎನ್ನುತ್ತಾರೆ. ಹಡಗು ಬಂದರಿನಲ್ಲಿರುವಷ್ಟು ಕಾಲ ವಿದೇಶಿ ಸಿಬ್ಬಂದಿಗೆ ದಡಕ್ಕಿಳಿಯಲು ಸಾರ್ವಜನಿಕ ಅಧಿಕಾರಿಗಳು ಅನುಮತಿ ಕೊಡಬೇಕು. ಸಾರ್ವಜನಿಕ ಆರೋಗ್ಯ, ಸುರಕ್ಷತೆ ಅಥವಾ ಸುವ್ಯವಸ್ಥೆಯ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು. 2018ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ರಾಷ್ಟ್ರೀಯತೆ, ಬಣ್ಣ, ಧರ್ಮ ಮೊದಲಾದವುಗಳ ಆಧಾರದ ಮೇಲೆ ಭೇದ ಮಾಡುವಂತಿಲ್ಲ. ನಿರಾಕರಿಸಿದರೆ ನಾವಿಕನಿಗೂ ಕ್ಯಾಪ್ಟನ್ನರಿಗೂ ಕಾರಣ ಹೇಳಬೇಕು, ಕೇಳಿದರೆ ಬರವಣಿಗೆಯಲ್ಲಿ ಕೊಡಬೇಕು. ಈ "ಬರವಣಿಗೆಯಲ್ಲಿ" ಎಂಬ ಮಾತನ್ನು ನಿಮ್ಮ ಹುಡುಗ ನೆನಪಿಟ್ಟುಕೊಳ್ಳಲಿ. ಬಾಯಿಮಾತಿನಲ್ಲಿ ಇಲ್ಲ ಎನ್ನುವುದು ಬಹಳ ಸುಲಭ. ಅದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಬೇಕಾದಾಗ ಅಧಿಕಾರಿ ಒಮ್ಮೆ ಯೋಚಿಸುತ್ತಾನೆ. ನಮ್ಮ ತಾಲೂಕು ಕಚೇರಿಗಳಲ್ಲಿಯೂ ನಾವು ಇದನ್ನು ನೋಡಿದ್ದೇವೆ.

ಎರಡನೆಯದು 2006ರ ಸಾಗರ ಕಾರ್ಮಿಕ ಒಡಂಬಡಿಕೆ. ನಾವಿಕನ ಆರೋಗ್ಯ ಮತ್ತು ನೆಮ್ಮದಿಗಾಗಿ ದಡದ ರಜೆ ಕೊಡಬೇಕು, ಅದು ಅವನ ಕೆಲಸದ ಅಗತ್ಯಕ್ಕೆ ಹೊಂದಿಕೊಂಡಿರಬೇಕು ಎಂದು ಅದು ಹೇಳುತ್ತದೆ. ಮೂರನೆಯದು ನಾವಿಕರ ಗುರುತಿನ ದಾಖಲೆಗಳ ಕುರಿತಾದ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 185ನೆಯ ಒಡಂಬಡಿಕೆ. ಇದು 2003ರದು, ಭದ್ರತೆಯ ಹೊಸ ಭಯಗಳಿಗೆ ಉತ್ತರವಾಗಿಯೇ ಹುಟ್ಟಿದ್ದು. ನಾವಿಕನ ಬಳಿ ಬಯೋಮೆಟ್ರಿಕ್ ಮಾಹಿತಿಯ ನಂಬಲರ್ಹ ಗುರುತಿನ ಚೀಟಿ ಇದ್ದರೆ, ತಾತ್ಕಾಲಿಕವಾಗಿ ದಡಕ್ಕಿಳಿಯಲು ವೀಸಾ ಕೇಳಬಾರದು ಎನ್ನುವುದು ಅದರ ತಿರುಳು. ಈ ಎರಡನೆಯ ಮತ್ತು ಮೂರನೆಯ ಒಡಂಬಡಿಕೆಗಳನ್ನು ಭಾರತ 2015ರ ಅಕ್ಟೋಬರಿನಲ್ಲಿ ಅನುಮೋದಿಸಿದೆ. ಆದರೆ 185ನೆಯ ಒಡಂಬಡಿಕೆಯನ್ನು ಒಪ್ಪಿಕೊಳ್ಳದ ದೇಶಗಳಲ್ಲಿ ಈ ಚೀಟಿಯೊಂದೇ ಸಾಲದು. ಉದಾಹರಣೆಗೆ ಅಮೆರಿಕದಲ್ಲಿ ಸಿಬ್ಬಂದಿ ವೀಸಾ ಇಲ್ಲದೆ ಇಳಿಯುವಂತಿಲ್ಲ. ಅದೇ ಅಮೆರಿಕ 2019ರಲ್ಲಿ ನಿಯಮ ಮಾಡಿ, ಬಂದರಿನ ಟರ್ಮಿನಲ್‌ಗಳು ಹಡಗಿನಿಂದ ಗೇಟಿನವರೆಗೆ ನಾವಿಕರನ್ನು ಸಕಾಲದಲ್ಲಿ, ಅವರಿಂದ ಹಣ ಪಡೆಯದೆ ಕರೆದೊಯ್ಯುವ ವ್ಯವಸ್ಥೆ ಮಾಡಬೇಕೆಂದು ಕಡ್ಡಾಯಗೊಳಿಸಿದೆ ಎನ್ನುವುದನ್ನೂ ಹೇಳಬೇಕು. ಭೀಮಾ ತೀರ ಅವರು ಹೇಳಿದ ವಾಹನದ ಸಮಸ್ಯೆಗೆ ಇದು ಸರಿಯಾದ ಉತ್ತರ, ಎಲ್ಲ ದೇಶಗಳೂ ಇದನ್ನು ಅನುಸರಿಸಬೇಕೆಂಬುದು ನನ್ನ ಆಶಯ.

ಇನ್ನು ಹಡಗಿನ ಪರವಾಗಿಯೂ ಒಂದು ರಕ್ಷಣೆಯಿದೆ. ಬಂದರಿನ ಅಧಿಕಾರಿಗಳಿಗೆ ಬಲವಾದ ಸಂಶಯವಿದ್ದರೆ ಹಡಗನ್ನು ತಪಾಸಿಸಬಹುದು, ತಡೆಹಿಡಿಯಬಹುದು, ಬಂದರಿನಿಂದ ಹೊರಗೂ ಕಳಿಸಬಹುದು. ಆದರೆ ಕಾರಣವಿಲ್ಲದೆ ತಡಮಾಡಿದರೆ ನಷ್ಟ ಪರಿಹಾರ ಕೇಳುವ ಹಕ್ಕು ಸೋಲಾಸ್‌ನಲ್ಲಿಯೇ ಇದೆ. ನಮ್ಮ ದೇಶದಲ್ಲಿ 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಜಾಗಕ್ಕೂ 1908ರ ಬಂದರು ಕಾಯ್ದೆಯ ಜಾಗಕ್ಕೂ ಸಂಸತ್ತು 2025ರಲ್ಲಿ ಹೊಸ ಕಾಯ್ದೆಗಳನ್ನು ತಂದಿದೆ. ಅಪರಾಧಿಗಳನ್ನು ದಂಡಿಸಲು 2002ರ ನೌಕಾಯಾನ ಸುರಕ್ಷತೆಯ ವಿರುದ್ಧದ ಕೃತ್ಯಗಳ ನಿಗ್ರಹ ಕಾಯ್ದೆಯೂ 2022ರ ಸಾಗರ ಕಡಲ್ಗಳ್ಳತನ ವಿರೋಧಿ ಕಾಯ್ದೆಯೂ ಇವೆ. 2024ರ ಮಾರ್ಚ್‌ನಲ್ಲಿ ರುಯೆನ್ ಹಡಗಿನಿಂದ ನಮ್ಮ ನೌಕಾಪಡೆ ಹಿಡಿದು ತಂದ 35 ಕಡಲ್ಗಳ್ಳರನ್ನು ಮುಂಬೈಗೆ ಕರೆತಂದು ಪೊಲೀಸರಿಗೆ ಒಪ್ಪಿಸಲು ಸಾಧ್ಯವಾದದ್ದು ಕಡಲ್ಗಳ್ಳತನಕ್ಕೇ ಮೀಸಲಾದ ಕಾಯ್ದೆ ಕೈಯಲ್ಲಿದ್ದುದರಿಂದ.

ಹುಮನಾಬಾದ್ ತಾಯಿ

ಅಣ್ಣಾವರೆ, ನಾನು ಓದುತ್ತಾ ಕೂತಿದ್ದೆ, ಈಗ ಬರೆಯುವ ಧೈರ್ಯ ಮಾಡಿದ್ದೇನೆ. ನನ್ನ ಮಗಳು ಹಡಗಿನ ಎಂಜಿನಿಯರ್ ತರಬೇತಿಯಲ್ಲಿದ್ದಾಳೆ. ಬರುವ ತಿಂಗಳು ಮೊದಲ ಹಡಗು. ಕೆಂಪು ಸಮುದ್ರದ ಸುದ್ದಿ ಟಿವಿಯಲ್ಲಿ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಕಡಲ್ಗಳ್ಳರು ಹಡಗು ಹತ್ತಿದರೆ ಒಳಗಿರುವವರು ಏನು ಮಾಡುತ್ತಾರೆ? ಅವರಿಗೆ ಯಾವ ಕಾನೂನು ಆಸರೆ?

ಬೀದರ ಕಟ್ಟೆ

ತಂಗೀ, ನಿಮ್ಮಿಂದ ಏನನ್ನೂ ಮುಚ್ಚಿಡದೆ ಹೇಳುತ್ತೇನೆ. ಸಂಹಿತೆಯಲ್ಲಿ ಕ್ಷಿಪಣಿಗೆ ಉತ್ತರವಿಲ್ಲ. 2024ರ ಜನವರಿಯಲ್ಲಿ ಏಡನ್ ಕೊಲ್ಲಿಯಲ್ಲಿ ಮಾರ್ಲಿನ್ ಲುವಾಂಡಾ ಎಂಬ ಹಡಗಿಗೆ ಕ್ಷಿಪಣಿ ಬಡಿದು ಬೆಂಕಿ ಹತ್ತಿದಾಗ, ಅದರಲ್ಲಿ 22 ಮಂದಿ ಭಾರತೀಯರಿದ್ದರು. ನಮ್ಮ ನೌಕಾಪಡೆಯ ವಿಶಾಖಪಟ್ಟಣಂ ನೌಕೆಯವರು ಹೋಗಿ ಬೆಂಕಿ ಆರಿಸಲು ನೆರವಾದರು. ಅಂಥ ನೀರಿಗೆ ಹಡಗು ಹೋಗುವುದಾದರೆ, ಹೋಗಲು ಒಲ್ಲೆ ಎನ್ನುವ ಹಕ್ಕು ಕೆಲವು ಕಾರ್ಮಿಕ ಒಪ್ಪಂದಗಳಲ್ಲಿ ಇರುತ್ತದೆ. ಮಗಳು ಸಹಿ ಹಾಕುವ ಮೊದಲು ಕರಾರಿನಲ್ಲಿ ಆ ಸಾಲು ಇದೆಯೇ ಎಂದು ಓದಿಸಿ ನೋಡಿ.

ಹಡಗು ಹತ್ತುವವರ ವಿಷಯದಲ್ಲಿ ಮಾತ್ರ ಸಂಹಿತೆ ಬಹಳ ಕೆಲಸಕ್ಕೆ ಬರುತ್ತದೆ. ಪ್ರತಿ ಹಡಗಿನಲ್ಲಿಯೂ ಸದ್ದಿಲ್ಲದ ಎಚ್ಚರಿಕೆಯ ಗುಂಡಿ ಇರಲೇಬೇಕು, ಕನಿಷ್ಠ ಎರಡು ಕಡೆ, ಅವುಗಳಲ್ಲಿ ಒಂದು ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ. ನಮ್ಮ ಹಡಗಿನಲ್ಲಿ ಅದು ನಕಾಶೆಯ ಮೇಜಿನ ಅಡಿಯಲ್ಲಿ, ಮುಚ್ಚಳದ ಕೆಳಗಿತ್ತು; ಪರೀಕ್ಷೆಗೆಂದು ಒತ್ತಿದಾಗ ಒಂದು ದೀಪವೂ ಹೊತ್ತುತ್ತಿರಲಿಲ್ಲ, ಒಂದು ಶಬ್ದವೂ ಬರುತ್ತಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ಹಡಗಿನ ಹೆಸರು, ಗುರುತು, ಇರುವ ಜಾಗ ದಡದಲ್ಲಿ ಗೊತ್ತುಪಡಿಸಿದ ಅಧಿಕಾರಿಗಳಿಗೆ ಹೋಗುತ್ತದೆ; ಹಡಗಿನೊಳಗಿರುವ ಶತ್ರುವಿಗೆ ಸುಳಿವೂ ಸಿಗುವುದಿಲ್ಲ. ಆಮೇಲೆ ಎಲ್ಲರೂ ಒಳಗಿನ ಗಟ್ಟಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಲೀಲಾ ನಾರ್ಫೋಕ್ ಹಡಗಿನಲ್ಲಿ 2024ರ ಜನವರಿಯಲ್ಲಿ 15 ಭಾರತೀಯರೂ ಸೇರಿ 21 ಮಂದಿ ಹೀಗೆಯೇ ಅಡಗಿದ್ದರು. ನಮ್ಮ ನೌಕಾಪಡೆಯ ಕಮಾಂಡೊಗಳು ಹೋಗಿ ಅಷ್ಟೂ ಜನರನ್ನು ಸುರಕ್ಷಿತವಾಗಿ ಹೊರತಂದರು.

ಇನ್ನೊಂದು ಮಾತು. ಹಡಗಿನ ಸುರಕ್ಷತೆ ಮತ್ತು ಭದ್ರತೆಗೆ ಅಗತ್ಯವೆಂದು ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಕಂಪನಿಯಾಗಲಿ, ಹಡಗನ್ನು ಬಾಡಿಗೆಗೆ ಪಡೆದವರಾಗಲಿ ಅಡ್ಡಬರುವಂತಿಲ್ಲ ಎಂದು ಸೋಲಾಸ್ ಹೇಳುತ್ತದೆ. ಹಡಗಿನ ಗುರುತಿನ ಏಳು ಅಂಕಿಗಳನ್ನು ಹೊರಮೈಯಲ್ಲಿ ಕನಿಷ್ಠ 200 ಮಿಲಿಮೀಟರ್ ಎತ್ತರಕ್ಕೆ, ಅಳಿಸಲಾಗದಂತೆ ಮೂಡಿಸುವುದೂ ಇದೇ 2002ರ ನಿಯಮಗಳ ಭಾಗ. ಹಡಗು ದುರಸ್ತಿಯ ಡ್ರೈ ಡಾಕ್‌ನಲ್ಲಿ ನಮ್ಮ ಹಡಗಿಗೆ ಅದನ್ನು ವೆಲ್ಡ್ ಮಾಡುವಾಗ ನಾನು ಕೆಳಗೆ ನಿಂತಿದ್ದೆ. ಹೆಸರಿನ ಮೇಲೆ ಬಣ್ಣ ಬಳಿದು ಬೇರೆ ಹೆಸರು ಬರೆಯಬಹುದು, ಆ ಅಂಕಿಗಳು ಮಾತ್ರ ಕೈಗೆ ತಾಗುತ್ತಲೇ ಇರುತ್ತವೆ. ನಿಮ್ಮ ಮಗಳ ಹಡಗಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಹೆಸರು ಬದಲಾದರೂ ಅವುಗಳಿಂದ ಹಡಗನ್ನು ಗುರುತಿಸಬಹುದು.

ತೊಗರಿ ಕಣಜ, ಕಲಬುರಗಿ

ಎಲ್ಲರ ಮಾತನ್ನೂ ಹುಡುಗನಿಗೆ ಕಳಿಸಿದ್ದೆ. ಹತ್ತು ದಿನದ ನಂತರ ಉತ್ತರ ಬಂದಿದೆ. ಮುಂದಿನ ಬಂದರಿಗೆ ತಲುಪುವ ಮೊದಲೇ ಅವನ ಕ್ಯಾಪ್ಟನ್, ಇಳಿಯಬಯಸುವ ಒಂಬತ್ತು ಮಂದಿಯ ಪಟ್ಟಿಯನ್ನು ಏಜೆಂಟರಿಗೆ ಬರವಣಿಗೆಯಲ್ಲಿ ಕಳಿಸಿದರಂತೆ. ಅಲ್ಲಿ ಭದ್ರತೆಯ ಮಟ್ಟ ಒಂದನೆಯದೇ ಆಗಿತ್ತು. ಆದರೂ ಇಲ್ಲ ಎಂದರು. ಈ ಸಲ ಕ್ಯಾಪ್ಟನ್ ಕಾರಣವನ್ನು ಬರವಣಿಗೆಯಲ್ಲಿ ಕೇಳಿದರು. ಮೊದಲು ಉತ್ತರವೇ ಬರಲಿಲ್ಲ. ಸಂಜೆಗೆ ಒಂದು ಸಾಲಿನ ಮಿಂಚಂಚೆ ಬಂತು: ಟರ್ಮಿನಲ್ ಒಳಗೆ ವಾಹನ ವ್ಯವಸ್ಥೆ ಲಭ್ಯವಿಲ್ಲ. ಭದ್ರತೆಯ ಮಾತೇ ಅದರಲ್ಲಿರಲಿಲ್ಲ. ಹುಡುಗನಿಗೆ ಇಳಿಯಲು ಆಗಲಿಲ್ಲ. ಈಗ ಆ ಮಿಂಚಂಚೆಯನ್ನು ಏನು ಮಾಡಬೇಕು?

ಭೀಮಾ ತೀರ, ಯಾದಗಿರಿ

ನಾನು ಮೊದಲೇ ಹೇಳಿದ್ದೆ, ಯಜಮಾನರೆ. ವಾಹನವೇ.

ಬೀದರ ಕಟ್ಟೆ

ಆ ಒಂದು ಸಾಲು ಬಹಳ ಬೆಲೆಯುಳ್ಳದ್ದು, ಜೋಪಾನ ಮಾಡಿ. ಕ್ಯಾಪ್ಟನ್ ಅದನ್ನು ಹಡಗಿನ ಲಾಗ್ ಪುಸ್ತಕದಲ್ಲಿ ದಿನಾಂಕ, ಸಮಯ, ಭದ್ರತಾ ಮಟ್ಟದೊಂದಿಗೆ ದಾಖಲಿಸಲಿ. ಒಂದು ಪ್ರತಿ ಕಂಪನಿಯ ಭದ್ರತಾಧಿಕಾರಿಗೆ, ಒಂದು ಪ್ರತಿ ಹಡಗು ಯಾವ ದೇಶದ ಧ್ವಜ ಹಾರಿಸುತ್ತದೆಯೋ ಆ ದೇಶದ ಆಡಳಿತಕ್ಕೆ, ಒಂದು ಪ್ರತಿ ಹುಡುಗ ಸದಸ್ಯನಾಗಿರುವ ನಾವಿಕರ ಸಂಘಕ್ಕೆ ಹೋಗಲಿ. ಮುಂದಿನ ಬಂದರಿನಲ್ಲಿ ನಾವಿಕರ ಕಲ್ಯಾಣ ಕೇಂದ್ರವಿದ್ದರೆ ಅವರಿಗೆ ಮೊದಲೇ ಸಂದೇಶ ಕಳಿಸಲು ಹೇಳಿ. ಎಷ್ಟೋ ಕಡೆ ಅವರದೇ ವ್ಯಾನ್ ಇರುತ್ತದೆ, ಧಕ್ಕೆಯವರೆಗೆ ಬರಲು ಅವರಿಗೆ ಪಾಸೂ ಇರುತ್ತದೆ. ಮುಂದಿನ ಬಂದರು ಯಾವುದು ಎಂದು ನನಗೆ ತಿಳಿಸಿ, ಅಲ್ಲಿ ಕೇಂದ್ರವಿದೆಯೇ ಎಂದು ನಾನು ವಿಚಾರಿಸಿ ಹೇಳುತ್ತೇನೆ.